ಗ್ರಂಥಾಲಯಕ್ಕೆ ಯಂತ್ರ ಬಂತು, ಗ್ರಂಥಪಾಲ ಎಲ್ಲಿ?

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನು ನೋಡಿ ಕಟ್ಟಿದರೋ ನಾವರಿಯೆವು. ಇಂದು ಅವರು ಇದ್ದಿದ್ದರೆ ನಮ್ಮ ಸರಕಾರಿ ಶಾಲೆಗಳ ಗ್ರಂಥಾಲಯಗಳನ್ನು ನೋಡಿಯೇ ಕಟ್ಟುತ್ತಿದ್ದರು. ಗೋಡೆಯ ಮೇಲೆ ದೊಡ್ಡ ಪರದೆ ಉಂಟು, ಅದನ್ನು ನಡೆಸುವವರಿಲ್ಲ. ಪಠ್ಯಪುಸ್ತಕದಲ್ಲಿ ಪಾಠದ ಪಕ್ಕದಲ್ಲೇ ಕ್ಯೂಆರ್ ಗುರುತು ಉಂಟು. ಅದನ್ನು ಓದಬೇಕಾದ ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಬೀರುವಿನಲ್ಲಿ ಪುಸ್ತಕ ಉಂಟು. ಬೀರುವಿಗೆ ಬೀಗ ಉಂಟು. ಬೀಗದ ಕೈ ಯಾರ ಬಳಿ ಇದೆಯೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇದು ಮಾಸ್ತರುಗಳ ಮನೆವಾರ್ತೆ, ನಮಗೇಕೆ ಎಂದು ಗಿರಣಿಯ ಕಾರ್ಮಿಕ ಬಂಧುಗಳೂ ಪೇಟೆಯ ಸಣ್ಣ ವ್ಯಾಪಾರಿಗಳೂ ಈ ಪುಟವನ್ನು ಮಗುಚಬಾರದು. ಉಳ್ಳವರ ಮಗುವಿಗೆ ಮನೆಯಲ್ಲೇ ಪುಸ್ತಕದ ಕಪಾಟುಂಟು, ಮನೆಪಾಠದ ಮಾಸ್ತರುಂಟು, ಕೂತು ಓದಲು ಬೇರೆ ಕೋಣೆಯುಂಟು. ಹತ್ತಡಿ ಕೋಣೆಯಲ್ಲಿ ಐದಾರು ಜನರ ನಡುವೆ ಬೆಳೆಯುವ ಕಾರ್ಮಿಕನ ಮಗುವಿಗೆ, ಅಂಗಡಿಯ ಹಿಂಬದಿಯಲ್ಲಿ ಮೂಟೆಗಳ ಮಧ್ಯೆ ಕೂತು ಬರೆಯುವ ವ್ಯಾಪಾರಿಯ ಮಗುವಿಗೆ, ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕ ಕಣ್ಣಿಗೆ ಬೀಳಬಹುದಾದ ಜಾಗ ಶಾಲೆಯ ಗ್ರಂಥಾಲಯ. ಅದು ಮುಚ್ಚಿದ್ದರೆ ಉಳ್ಳವರಿಗೆ ನಷ್ಟವಿಲ್ಲ. ನಷ್ಟವೆಲ್ಲ ನಮ್ಮದು.

ನಾವು ಹೇಳಬೇಕಾದ ಮಾತು ಚಿಕ್ಕದು. ಶಾಲೆಯ ಗ್ರಂಥಾಲಯಕ್ಕೆ ಯಂತ್ರ ಬರಲಿ, ಬೇಡವೆನ್ನುವವರು ನಾವಲ್ಲ. ಆದರೆ ಯಂತ್ರಕ್ಕಿಂತ ಮೊದಲು ಮನುಷ್ಯ ಬರಬೇಕು. ಸಂಬಳ ಪಡೆಯುವ, ಕೆಲಸ ಕಲಿತ, ಮಕ್ಕಳ ಹೆಸರು ಬಲ್ಲ ಗ್ರಂಥಪಾಲರೊಬ್ಬರು ಇಲ್ಲದ ಕಡೆ ಯಂತ್ರಕ್ಕೆ ಸುರಿದ ಹಣ ಮಕ್ಕಳನ್ನು ಮುಟ್ಟುವುದಿಲ್ಲ. ಮಾರಿದವನ ಗಲ್ಲಾಪೆಟ್ಟಿಗೆಯನ್ನು ಮುಟ್ಟುತ್ತದೆ. ಬರಿಯ ಸಿಟ್ಟಿನ ಮಾತಲ್ಲ ಇದು. ಸಾಕ್ಷಿ ಸಮೇತ ಹೇಳುತ್ತೇವೆ.

ಕಾನೂನಿನಲ್ಲಿ ಪುಸ್ತಕ ಉಂಟು, ಆಳಿಲ್ಲ

2009ರ ಶಿಕ್ಷಣ ಹಕ್ಕು ಕಾನೂನು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪ್ರತಿಯೊಂದು ಶಾಲೆಯಲ್ಲೂ ಗ್ರಂಥಾಲಯ ಇರತಕ್ಕದ್ದು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಸಹ ಸಿಗತಕ್ಕದ್ದು ಎಂದು ಅದರ ಅನುಸೂಚಿ ವಿಧಿಸುತ್ತದೆ. ಒಳ್ಳೆಯ ಮಾತು. ಅದೇ ಅನುಸೂಚಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರೆಂಬ ಲೆಕ್ಕ ಉಂಟು. ಮೇಲಿನ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ನೂರು ದಾಟಿದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕೈಕೆಲಸಕ್ಕೆ ಅರೆಕಾಲಿಕ ಬೋಧಕರು ಬೇಕೆಂಬ ವಿಧಿಯೂ ಉಂಟು. ಗ್ರಂಥಪಾಲನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅಡುಗೆಮನೆ ಬೇಕು, ಪಾತ್ರೆ ಬೇಕು, ಅಕ್ಕಿ ಬೇಕು ಎಂದು ಬರೆದು, ಅಡುಗೆಯವರು ಬೇಕೆಂಬುದನ್ನು ಮರೆತಂತಾಯಿತು.

ಅಂಕಿಗಳನ್ನು ನೋಡಿ. ಕೇಂದ್ರ ಶಿಕ್ಷಣ ಸಚಿವಾಲಯ 2021-22ನೇ ಸಾಲಿಗೆ ಪ್ರಕಟಿಸಿದ ವರದಿಯ ಪ್ರಕಾರ ದೇಶದ ನೂರಕ್ಕೆ 87 ಶಾಲೆಗಳಲ್ಲಿ ಗ್ರಂಥಾಲಯವಿತ್ತು. ಓದಿದವರಿಗೆ ಸಂತೋಷವಾಗಬೇಕು. ಆದರೆ ಆ ಲೆಕ್ಕದಲ್ಲಿ ಗ್ರಂಥಾಲಯ, ಪುಸ್ತಕ ಭಂಡಾರ, ಓದುವ ಮೂಲೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಲಾಗಿದೆ. ತರಗತಿಯ ಮೂಲೆಯಲ್ಲಿ ಹಗ್ಗ ಕಟ್ಟಿ ನಾಲ್ಕು ಪುಸ್ತಕ ನೇತುಹಾಕಿದರೂ ಶಾಲೆಗೆ ಗ್ರಂಥಾಲಯ ಬಂದಂತೆ! ಅದೇ ವರ್ಷ ಇಂಟರ್‌ನೆಟ್ ಇದ್ದ ಶಾಲೆಗಳು ನೂರಕ್ಕೆ 34 ಮಾತ್ರ. ಆಮೇಲಿನ ವರ್ಷಗಳಲ್ಲಿ ಈ ಸಂಖ್ಯೆ ಏರಿದೆ, ನಿಜ. ತಂತಿ ಬಂದ ವೇಗದಲ್ಲಿ ಆಳು ಬಂದರೇ ಎಂಬುದು ನಮ್ಮ ಪ್ರಶ್ನೆ.

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಅನುದಾನವೆಂದು ಗೊತ್ತುಮಾಡಿದರು. ಕಿರಿಯ ಶಾಲೆಗೆ ಸಿಗುವುದು ಕೆಳಗಿನ ಮೊತ್ತ. ಶಾಲೆಯಲ್ಲಿ 150 ಮಕ್ಕಳಿದ್ದರೆ ತಲೆಗೆ ವರ್ಷಕ್ಕೆ 33 ರೂಪಾಯಿ ಬಿತ್ತು. ವ್ಯಾಪಾರಿ ಬಂಧುಗಳು ಹೇಳಲಿ: ಈ ದುಡ್ಡಿನಲ್ಲಿ ಎಷ್ಟು ಪುಸ್ತಕ ಬಂದೀತು? ಬಂದ ಪುಸ್ತಕವನ್ನು ಕೊಡುವ, ಪಡೆಯುವ, ಹರಿದದ್ದಕ್ಕೆ ಹೊಲಿಗೆ ಹಾಕುವ ಮನುಷ್ಯನಿಗೆ ಇದರಲ್ಲಿ ಕಾಸೂ ಇಲ್ಲ.

ಬೀರುವಿಗೆ ಬೀಗ ಬಿದ್ದದ್ದು ಹೇಗೆ?

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಬೀಗ ಹಾಕಿದ ಮಾಸ್ತರನ್ನು ಊರವರು ಹಾಗೆಯೇ ಬೈಯುತ್ತಾರೆ. ಕೆಲವು ವರ್ಷ ಸೀಮೆಸುಣ್ಣ ಹಿಡಿದ ನಾವು ಇದನ್ನು ಒಳಗಿನಿಂದ ಬಲ್ಲೆವು. ನಮ್ಮ ಬಹುಪಾಲು ಸರಕಾರಿ ಶಾಲೆಗಳಲ್ಲಿ ಗ್ರಂಥಾಲಯದ ಹೊಣೆಯನ್ನು ಒಬ್ಬ ಶಿಕ್ಷಕರ ಹೆಗಲಿಗೆ ಹೆಚ್ಚುವರಿಯಾಗಿ ಹೊರಿಸುತ್ತಾರೆ. ಅವರಿಗೆ ಪಾಠ ಉಂಟು, ಬಿಸಿಯೂಟದ ಲೆಕ್ಕ ಉಂಟು, ಚುನಾವಣೆಯ ಕೆಲಸ ಉಂಟು, ಗಣತಿಯ ಕೆಲಸ ಉಂಟು. ಜೊತೆಗೆ ದಾಸ್ತಾನು ವಹಿ. ಆ ವಹಿಯಲ್ಲಿ ಬರೆದ ಪುಸ್ತಕದಲ್ಲಿ ಒಂದು ಕಡಿಮೆಯಾದರೂ ತಪಾಸಣೆಗೆ ಬಂದವರಿಗೆ ಉತ್ತರ ಕೊಡಬೇಕಾದವರು ಅವರೇ. ಒಂದು ಶಾಲೆಯಲ್ಲಿ ನಾವು ಬೀರು ತೆರೆದು ಮಕ್ಕಳಿಗೆ ಪುಸ್ತಕ ಹಂಚಿದಾಗ ಮೇಲಿನವರು ಕೇಳಿದ್ದು ಎಷ್ಟು ಮಕ್ಕಳು ಓದಿದರೆಂದಲ್ಲ; ಎಷ್ಟು ಪುಸ್ತಕ ವಾಪಸು ಬಂತೆಂದು.

ಯೋಚಿಸಿ ನೋಡಿ. ಪುಸ್ತಕ ಕಳೆದರೆ ದಂಡ, ಪುಸ್ತಕ ಕೊಳೆತರೆ ಕೇಳುವವರಿಲ್ಲ ಎಂಬ ವ್ಯವಸ್ಥೆಯಲ್ಲಿ ಬುದ್ಧಿವಂತನಾದವನು ಏನು ಮಾಡುತ್ತಾನೆ? ಬೀಗ ಹಾಕುತ್ತಾನೆ. ಬೀಗ ಹಾಕಿದ್ದು ಮಾಸ್ತರನ ಕೈ, ಹಾಕಿಸಿದ್ದು ವ್ಯವಸ್ಥೆ. ಈ ಬೀಗವನ್ನು ತೆಗೆಯುವ ಶಕ್ತಿ ಯಾವ ಪರದೆಗೂ ಇಲ್ಲ. ಆ ಪರದೆಯೂ ದಾಸ್ತಾನು ವಹಿಗೆ ಏರಿದ ಮೇಲೆ ಅದಕ್ಕೂ ಒಂದು ಬೀಗ ಬೀಳುತ್ತದೆ, ಅಷ್ಟೇ. ನಾಲ್ಕು ಪುಸ್ತಕ ಕಳೆದರೆ ಹೆದರುವವರು ಸಾವಿರಾರು ರೂಪಾಯಿಯ ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟಾರೆಯೆ?

ಈ ರೋಗಕ್ಕೆ ಮದ್ದು ಹೇಳಿದವರು ನಮ್ಮಲ್ಲೇ ಇದ್ದರು. ಎಸ್. ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕ ಬರೆದರು. 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅಲ್ಲೇ ತೀರಿಕೊಂಡರು. ಗ್ರಂಥಾಲಯ ಇರುವುದು ಪುಸ್ತಕ ಕಾಯುವುದಕ್ಕಲ್ಲ, ಓದಿಸುವುದಕ್ಕೆ ಎಂಬುದು ಅವರ ಮೊದಲ ಸೂತ್ರದ ತಾತ್ಪರ್ಯ. ಯಾವ ಓದುಗನಿಗೆ ಯಾವ ಪುಸ್ತಕ ಎಂಬುದನ್ನು ಕೂಡಿಸುವವನು ಬೇಕು ಎಂಬುದು ಮುಂದಿನ ಸೂತ್ರಗಳಿಂದ ತಾನಾಗಿ ಹೊರಡುವ ಮಾತು. ಆ ಮಹನೀಯರ ಹುಟ್ಟುಹಬ್ಬದಂದು ಹಾರ ಹಾಕುವವರು ಅವರ ಶಾಸ್ತ್ರ ಕಲಿತ ತರುಣ ತರುಣಿಯರಿಗೆ ಶಾಲೆಯಲ್ಲಿ ಹುದ್ದೆ ಕೊಡುವುದಿಲ್ಲ. ಪದವಿ ಪಡೆದು ಮನೆಯಲ್ಲಿ ಕೂತ ಗ್ರಂಥಪಾಲರು ಒಂದು ಕಡೆ. ಗ್ರಂಥಪಾಲರಿಲ್ಲದ ಶಾಲೆಗಳು ಇನ್ನೊಂದು ಕಡೆ. ನಡುವೆ ಇರುವುದು ಆರ್ಥಿಕ ಇಲಾಖೆಯ ಒಂದು ಸಹಿ.

ಶ್ರೀಮಂತ ನಾಡುಗಳು ಕಲಿತ ಪಾಠ

ಬಡ ದೇಶವಾದ್ದರಿಂದ ನಮ್ಮಲ್ಲಿ ಹೀಗಾಗಿದೆ, ಹಣವಿರುವ ಕಡೆ ಯಂತ್ರವೇ ಗ್ರಂಥಪಾಲನ ಕೆಲಸ ಮಾಡುತ್ತಿದೆ ಎಂದು ಹೇಳುವ ಮಹಾಶಯರುಂಟು. ಹಾಗಾದರೆ ಹಣವಿರುವ ಊರಿಗೇ ಹೋಗೋಣ. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾ ಆಡಳಿತ 2011ರಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ಶಾಲಾ ಗ್ರಂಥಪಾಲರಿಗೆ ಕೆಲಸದಿಂದ ತೆಗೆಯುವ ನೋಟೀಸು ಕೊಟ್ಟಿತು. ನಾವೂ ಶಿಕ್ಷಕರೇ ಎಂದು ಅವರು ವಾದಿಸಿದಾಗ ನೆಲಮಾಳಿಗೆಯ ಕೋಣೆಯೊಂದರಲ್ಲಿ ಅವರನ್ನು ಕೂಡಿಸಿ, ನೀವು ಹಾಜರಿ ತೆಗೆಯುತ್ತೀರಾ ಎಂಬಂಥ ಪ್ರಶ್ನೆಗಳನ್ನು ಆಡಳಿತದ ವಕೀಲರು ಹಾಕಿದರು. ಮಕ್ಕಳಿಗೆ ಓದಿನ ರುಚಿ ಹತ್ತಿಸಿದವರು ಅಪರಾಧಿಗಳಂತೆ ನಿಂತು ಉತ್ತರ ಹೇಳಬೇಕಾಯಿತು.

ಎರಡೇ ವರ್ಷ ಕಳೆಯಿತು. 2013ರಲ್ಲಿ ಅದೇ ಆಡಳಿತ ಪ್ರತಿಯೊಂದು ಮಗುವಿಗೂ ಆಪಲ್ ಕಂಪೆನಿಯ ಐಪ್ಯಾಡ್ ಕೊಡುವ ಯೋಜನೆ ಹೂಡಿತು. ಅಂದಾಜು 130 ಕೋಟಿ ಡಾಲರು! ಗ್ರಂಥಪಾಲರಿಗಿಲ್ಲದ ಹಣ ಎಲ್ಲಿಂದ ಬಂತೋ! ಹಂಚಿ ಕೆಲವೇ ದಿನಗಳಲ್ಲಿ ಹುಡುಗರು ಅದರ ಕಾವಲನ್ನು ಮುರಿದು ತಮಗೆ ಬೇಕಾದದ್ದನ್ನು ನೋಡತೊಡಗಿದರು. 2014ರ ಆಗಸ್ಟಿನಲ್ಲಿ ಗುತ್ತಿಗೆಯನ್ನು ನಿಲ್ಲಿಸಬೇಕಾಯಿತು. 2015ರಲ್ಲಿ ಆಡಳಿತವೇ ಕಂಪೆನಿಯ ಮುಂದೆ ಹೋಗಿ, ಯಂತ್ರದೊಳಗಿನ ಪಾಠಗಳು ಕೆಲಸಕ್ಕೆ ಬಾರವು, ಹಣ ವಾಪಸು ಕೊಡಿ ಎಂದು ಕೇಳಿತು. ಮನುಷ್ಯನನ್ನು ಹೊರಗಟ್ಟಿ ಯಂತ್ರವನ್ನು ಒಳಗೆ ಕರೆದ ಮನೆಯ ಕಥೆ ಇದು.

ಪೆರು ದೇಶವೂ ಇದೇ ದಾರಿ ಹಿಡಿಯಿತು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಘೋಷಣೆಯಡಿ 8 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಕೊಂಡಿತು. ಹಳ್ಳಿಗಳ 319 ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಹೊರಬಂದ ಅಧ್ಯಯನ ಏನು ಹೇಳಿತು? ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಬಂದುದಕ್ಕೆ ಪುರಾವೆ ಇಲ್ಲವೆಂದು. ಈ ಅಧ್ಯಯನ ಮಾಡಿದವರು ನಮ್ಮಂಥ ಪಕ್ಷದವರಲ್ಲ. ಸಾಲ ಕೊಡುವ ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಪಂಡಿತರು.

ಕಡೆಗೆ ಸ್ವೀಡನ್ನಿನ ಮಾತು. ಶಾಲೆಗಳಲ್ಲಿ ಪರದೆಯನ್ನು ಎಲ್ಲರಿಗಿಂತ ಮೊದಲು ಹರಡಿದ ದೇಶಗಳಲ್ಲಿ ಅದೂ ಒಂದು. 2023ರಲ್ಲಿ ಆ ದೇಶದ ಸರಕಾರ ಮುದ್ರಿತ ಪಠ್ಯಪುಸ್ತಕಗಳನ್ನು ಮತ್ತೆ ಮಕ್ಕಳ ಕೈಗೆ ಕೊಡಲು 68.5 ಕೋಟಿ ಕ್ರೋನರ್ ತೆಗೆದಿಟ್ಟಿತು. ಅಷ್ಟೇ ಅಲ್ಲ, ಶಾಲೆಯಲ್ಲಿ ಗ್ರಂಥಾಲಯ ಇದ್ದರೆ ಸಾಲದು, ಅಲ್ಲಿ ಸಿಬ್ಬಂದಿಯೂ ಇರತಕ್ಕದ್ದು ಎಂಬ ಕಾನೂನು 2025ರ ಜುಲೈ 1ರಿಂದ ಅಲ್ಲಿ ಜಾರಿಗೆ ಬಂತು. ಪರದೆಯ ರುಚಿಯನ್ನು ಪೂರ್ತಿ ನೋಡಿದವರೇ ಮನುಷ್ಯನ ಕಡೆಗೆ ತಿರುಗಿದ್ದಾರೆ. ಅವರು ಉಗುಳಿದ್ದನ್ನು ನಾವು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಕೆ?

ನಾವು ಯಂತ್ರದ್ವೇಷಿಗಳೇ?

ಇಷ್ಟು ಹೇಳಿದೊಡನೆ, ಇವರು ಪ್ರಗತಿ ವಿರೋಧಿಗಳು, ಎತ್ತಿನ ಗಾಡಿಯ ಕಾಲದವರು ಎಂಬ ಕೂಗು ಏಳುತ್ತದೆ. ಈ ಕೂಗು ಗಿರಣಿಯವರಿಗೆ ಹೊಸದಲ್ಲ. 1955ರಲ್ಲಿ ಕಾನ್ಪುರದ ಬಟ್ಟೆ ಗಿರಣಿಗಳ ಕಾರ್ಮಿಕರು 80 ದಿನ ಮುಷ್ಕರ ಹೂಡಿದಾಗ ಅವರ ಮೇಲೂ ಇದೇ ಆಪಾದನೆ ಬಂದಿತ್ತು. ಅವರು ಮಗ್ಗವನ್ನು ದ್ವೇಷಿಸಲಿಲ್ಲ. ಹೊಸ ಮಗ್ಗದ ನೆವದಲ್ಲಿ ಕೆಲಸದ ಹೊರೆ ಏರಿಸಿ ಆಳು ಕಡಿಮೆ ಮಾಡುವುದನ್ನು ಎದುರಿಸಿದರು. ಯಂತ್ರ ಯಾರ ಕೈಯಲ್ಲಿದೆ, ಯಾರ ಭಾರ ಇಳಿಸುತ್ತದೆ, ಯಾರ ಅನ್ನ ಕೀಳುತ್ತದೆ — ನಾವು ಕೇಳುವುದು ಆಗಲೂ ಈಗಲೂ ಇಷ್ಟನ್ನೇ.

ಗ್ರಂಥಪಾಲರ ಕೈಗೆ ಬಂದ ಯಂತ್ರ ಎಂಥ ಉಪಕಾರ ಮಾಡಬಲ್ಲದೆಂಬುದಕ್ಕೆ ಉದಾಹರಣೆ ಕೊಡುತ್ತೇವೆ. ಕಣ್ಣು ಕಾಣದ ಮಗುವಿಗೆ ಮುದ್ರಿತ ಪುಸ್ತಕ ಬರಿಯ ಕಾಗದ. ಅಂಥವರಿಗೆ ಓದಲು ಬರುವ ರೂಪದಲ್ಲಿ ಪುಸ್ತಕವನ್ನು ಮಾಡಿಕೊಡಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅನುಮತಿ ಕೊಟ್ಟಿದೆ. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಜಾಲಗ್ರಂಥಾಲಯ ಇದಕ್ಕಾಗಿಯೇ ಆರಂಭವಾಯಿತು. ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಇಬ್ಬರು ಅಂಧ ತರುಣರೇ 2006ರಲ್ಲಿ ಕಟ್ಟಲಾರಂಭಿಸಿದರು, ಅದಕ್ಕೆ ಕ್ರಯವಿಲ್ಲ, ಕನ್ನಡವನ್ನೂ ಅದರಿಂದ ಓದಿಸಬಹುದು. ಒಂದು ಹಳೆಯ ಕಂಪ್ಯೂಟರು, ಒಂದು ಜೊತೆ ಇಯರ್‌ಫೋನು ಸಾಕು. ಆದರೆ ಆ ಮಗುವಿನ ಪಕ್ಕದಲ್ಲಿ ಕೂತು ಮೊದಲ ತಿಂಗಳು ಬೆರಳು ಹಿಡಿದು ಕಲಿಸುವವರು ಯಾರು? ಆ ಒಬ್ಬರಿಲ್ಲದೆ ಕಾನೂನು, ಜಾಲ, ತಂತ್ರಾಂಶ ಮೂರೂ ಇದ್ದೂ ಇಲ್ಲದಂತೆ.

ಪುಸ್ತಕಪಟ್ಟಿಯ ವಿಷಯವೂ ಹೀಗೆಯೇ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಗ್ರಾಮಾಂತರ ಸೀಮೆಯ ಗ್ರಂಥಾಲಯದವರು ದೊಡ್ಡ ಕಂಪೆನಿಗಳ ಬೆಲೆಗೆ ಬೇಸತ್ತು ತಮಗೆ ಬೇಕಾದ ತಂತ್ರಾಂಶವನ್ನು ಬರೆಯಿಸಿ 2000ದ ಜನವರಿಯಲ್ಲಿ ಬಳಕೆಗೆ ತಂದರು. ಬಳಿಕ ಅದನ್ನು ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು. ಅದರ ಹೆಸರು ಕೊಹಾ. ಅಲ್ಲಿನ ಮಾವೊರಿ ಜನರ ನುಡಿಯಲ್ಲಿ ಕಾಣಿಕೆ ಎಂದರ್ಥ. ಇಂದು ಲೋಕದ ಮೂಲೆ ಮೂಲೆಯಲ್ಲಿ ಅದು ಕೆಲಸ ಮಾಡುತ್ತಿದೆ. ನಮ್ಮ ಕೇಂದ್ರ ಸರಕಾರದ ಮಾಹಿತಿ ಕೇಂದ್ರದವರೂ ಇ-ಗ್ರಂಥಾಲಯ ಎಂಬ ತಂತ್ರಾಂಶವನ್ನು ಸರಕಾರಿ ಗ್ರಂಥಾಲಯಗಳಿಗೆ ಬಿಟ್ಟಿಯಾಗಿ ಕೊಡುತ್ತಾರೆ. ನೆರೆಯ ಕೇರಳದಲ್ಲಿ ಸರಕಾರಿ ಶಾಲೆಗಳ ಕಂಪ್ಯೂಟರುಗಳು ಮುಕ್ತ ತಂತ್ರಾಂಶದಲ್ಲಿ ನಡೆಯುತ್ತಿವೆ. 2018ರಿಂದ ಶಾಲೆಗಳಲ್ಲಿ ಮಕ್ಕಳದೇ ಸಂಘಗಳು ಕಟ್ಟಿಕೊಂಡು ಅವುಗಳ ಮೇಲ್ವಿಚಾರಣೆಗೂ ಕೈಜೋಡಿಸುತ್ತಿವೆ. ಬಿಟ್ಟಿಯಾಗಿ ಸಿಗುವುದನ್ನು ಬಿಟ್ಟು ವರ್ಷವರ್ಷವೂ ಬಾಡಿಗೆ ಕಟ್ಟುವ ತಂತ್ರಾಂಶವನ್ನು ಕೊಳ್ಳಿ ಎಂದು ಶಾಲೆಗೆ ಹೇಳುವವನು ಯಾರ ಪರವಾಗಿ ಮಾತಾಡುತ್ತಿದ್ದಾನೆಂದು ಬಿಡಿಸಿ ಹೇಳಬೇಕೆ?

ಇನ್ನೊಂದು ಅನ್ಯಾಯ ಉಂಟು. ಕನ್ನಡ ಪುಸ್ತಕದ ಹೆಸರನ್ನು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕೆಟ್ಟ ಚಾಳಿ. ಒಬ್ಬ ಒಂದು ರೀತಿ ಬರೆದರೆ ಇನ್ನೊಬ್ಬ ಇನ್ನೊಂದು ರೀತಿ ಬರೆಯುತ್ತಾನೆ. ಕನ್ನಡದಲ್ಲಿ ಹುಡುಕಿದ ಮಗುವಿಗೆ, ಅಂಥ ಪುಸ್ತಕ ಇಲ್ಲ ಎಂದು ಯಂತ್ರ ಹೇಳುತ್ತದೆ. ಪುಸ್ತಕ ಎರಡು ಮೊಳ ದೂರದಲ್ಲಿ ಇರುತ್ತದೆ! ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೂ ಕನ್ನಡಕ್ಕೆ ಸ್ಥಾನ ಉಂಟು. ಇಷ್ಟು ವರ್ಷವಾದ ಮೇಲೂ ಯಂತ್ರಕ್ಕೆ ಕನ್ನಡ ಬರದು ಎನ್ನುವುದು ಸೋಮಾರಿಯ ನೆವ.

ಮೊಬೈಲ್ ಇದೆಯಲ್ಲ?

ಇಂದು ಎಲ್ಲರ ಮನೆಯಲ್ಲೂ ಮೊಬೈಲ್ ಉಂಟು. ಅದರಲ್ಲೇ ಲೋಕದ ಪುಸ್ತಕವೆಲ್ಲ ಉಂಟು. ಗ್ರಂಥಾಲಯ ಏಕೆ ಎನ್ನುವವರಿದ್ದಾರೆ. ನಮ್ಮ ರಾಜ್ಯದಲ್ಲಿ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಕೇಂದ್ರದವರು 2023ರ ಬಜೆಟ್ಟಿನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೆಂದು ಸಾರಿದರು. ಇವು ಇರಲಿ. ಆದರೆ ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಆದದ್ದನ್ನು ಇಷ್ಟು ಬೇಗ ಮರೆತೆವೆ? ಮನೆಗೊಂದೇ ಫೋನು, ಮಕ್ಕಳು ಮೂವರು, ಕರೆನ್ಸಿ ಮುಗಿದಿದೆ, ಸಿಗ್ನಲ್ ಮಾಳಿಗೆಯ ಮೇಲೆ ಮಾತ್ರ. ಕಡೆಗೆ 2020ರ ಆಗಸ್ಟಿನಲ್ಲಿ ಸರಕಾರ ವಿದ್ಯಾಗಮ ಎಂಬ ಯೋಜನೆ ತಂದು ಮಾಸ್ತರುಗಳನ್ನೇ ಗುಡಿಯ ಜಗಲಿಗೆ, ಮರದ ನೆರಳಿಗೆ ಕಳಿಸಿತು. ಅದೇ ನವೆಂಬರಿನಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮ ಹೂಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಗಮನಿಸಿ: ಪರದೆ ಸೋತ ಕಡೆ ಕೈಹಿಡಿದವರು ನಡೆದು ಹೋದ ಮಾಸ್ತರು, ಬಾಗಿಲು ತೆರೆದ ಗ್ರಂಥಾಲಯದ ಮೇಲ್ವಿಚಾರಕ. ಅಂಥ ಮೇಲ್ವಿಚಾರಕರು ಕನಿಷ್ಠ ವೇತನಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂಗಬೇಕಾಯಿತೆಂಬುದನ್ನೂ ಸೇರಿಸಿ ಹೇಳುತ್ತೇವೆ.

ಫೋನಿನ ಓದಿಗೆ ಇನ್ನೊಂದು ಬೆಲೆ ಉಂಟು. ಅದು ರಶೀದಿಯಲ್ಲಿ ಕಾಣಿಸದು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ 2022ರಲ್ಲಿ 49 ದೇಶಗಳ ಸರಕಾರಗಳು ಮಕ್ಕಳಿಗೆ ಶಿಫಾರಸು ಮಾಡಿದ 163 ಕಲಿಕೆಯ ತಂತ್ರಾಂಶಗಳನ್ನು ಶೋಧಿಸಿತು. ನೂರಕ್ಕೆ 89ರಷ್ಟು ತಂತ್ರಾಂಶಗಳು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಧಕ್ಕೆ ಬರುವಂತೆ ಬಳಸುತ್ತಿದ್ದವು ಅಥವಾ ಬಳಸಲು ಎಡೆಮಾಡಿದ್ದವು. ನಮ್ಮ ಕೇಂದ್ರ ಸರಕಾರದ ದೀಕ್ಷಾ ಜಾಲದಲ್ಲಿದ್ದ ಸುಮಾರು 6 ಲಕ್ಷ ವಿದ್ಯಾರ್ಥಿಗಳ ಮಾಹಿತಿ ಕಾವಲಿಲ್ಲದೆ ಬಿದ್ದಿತ್ತೆಂಬುದು 2023ರ ಜನವರಿಯಲ್ಲಿ ಬಯಲಿಗೆ ಬಂತು. ಯಾವ ಮಗು ಯಾವ ಪುಸ್ತಕ ಓದಿತೆಂಬುದನ್ನು ಒಳ್ಳೆಯ ಗ್ರಂಥಪಾಲ ಮೂರನೆಯವರಿಗೆ ಹೇಳುವುದಿಲ್ಲ. ಯಂತ್ರಕ್ಕೆ ಆ ಮರ್ಯಾದೆ ತಾನಾಗಿ ಬರುವುದಿಲ್ಲ, ನಾವು ಕಟ್ಟುಹಾಕಬೇಕು.

ಇನ್ನು ದುಡಿಯುವವರ ಕಣ್ಣಿಗೆ ದಿನವೂ ಬೀಳುವ ಮಾತು. ವಿದ್ಯಾರ್ಥಿವೇತನದ ಅರ್ಜಿ ಈಗ ಜಾಲದಲ್ಲೇ ಹಾಕಬೇಕು. ಬೀಡಿ ಕಟ್ಟುವವರ ಮಕ್ಕಳಿಗೂ ಹಾಗೆಯೇ. ಕಾರ್ಮಿಕ ಕಲ್ಯಾಣ ಮಂಡಳಿಗೆ ನಿಮ್ಮ ಸಂಬಳದಿಂದಲೇ ವಂತಿಗೆ ಹಿಡಿಯುತ್ತಾರೆ. ಆ ಮಂಡಳಿ ನಿಮ್ಮ ಮಕ್ಕಳ ಓದಿಗೆ ಕೊಡುವ ಪ್ರೋತ್ಸಾಹಧನದ ಅರ್ಜಿಯೂ ಜಾಲದಲ್ಲೇ. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಸೈಬರ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಅರ್ಜಿಗೆ ದುಡ್ಡು, ನಕಲಿಗೆ ದುಡ್ಡು. ಆಧಾರ್ ಕಾರ್ಡಿನ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರ ತಾಳೆಯಾಗದಿದ್ದರೆ ಮತ್ತೆ ಒಂದು ದಿನದ ಕೂಲಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರೂ ಅದರ ಮುಂದೆ ತಿಳಿದವರೊಬ್ಬರೂ ಇದ್ದರೆ ಈ ಕೆಲಸ ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗೆ ನೆರವು ಎಂದರೆ ಇದು. ಬಂದ ಸುದ್ದಿಯಲ್ಲಿ ಸತ್ಯ ಯಾವುದು, ಸುಳ್ಳು ಯಾವುದೆಂದು ಜರಡಿ ಹಿಡಿಯಲು ಕಲಿಸುವುದೂ ಅದೇ ಮೇಜಿನ ಕೆಲಸ. ಪ್ರಶ್ನೆ ಕೇಳಿದೊಡನೆ ಉತ್ತರ ಹೆಣೆದು ಕೊಡುವ ಯಂತ್ರಗಳು ಬಂದಿರುವ ಈ ಕಾಲದಲ್ಲಿ, ಆ ಉತ್ತರವನ್ನು ಪುಸ್ತಕಕ್ಕೆ ಒರೆಹಚ್ಚಿ ನೋಡು ಎಂದು ಹೇಳುವ ಹಿರಿಯರೊಬ್ಬರು ಮಗುವಿನ ಬಳಿ ಇರಲೇಬೇಕು.

ಹಣ ಎಲ್ಲಿದೆ?

ಬೊಕ್ಕಸ ಬರಿದು ಎಂಬ ಹಳೆಯ ಹಾಡು ಬಂದೇ ಬರುತ್ತದೆ. ಮೊದಲು ನಮ್ಮ ಜೇಬಿನಿಂದ ಹೋದದ್ದರ ಲೆಕ್ಕ ಕೇಳೋಣ. 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಂತೆ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ. ಅಂಗಡಿಯ ಮಾಲೀಕ ನೇರವಾಗಿ ಕಟ್ಟುತ್ತಾನೆ. ಬಾಡಿಗೆಗಿರುವ ವ್ಯಾಪಾರಿಯೂ ಕಾರ್ಮಿಕನೂ ಬಾಡಿಗೆಯೊಳಗೆ ಸೇರಿಸಿ ಕಟ್ಟುತ್ತಾರೆ. ಹೀಗೆ ವಸೂಲಾದ ಕರವನ್ನು ಬೆಂಗಳೂರಿನ ಮಹಾನಗರ ಪಾಲಿಕೆ ಗ್ರಂಥಾಲಯ ಇಲಾಖೆಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡಿದ್ದ ಸಂಗತಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಪುಸ್ತಕದ ಹೆಸರಿನಲ್ಲಿ ಪಡೆದ ಹಣ ಪುಸ್ತಕಕ್ಕೆ ಹೋಗದಿದ್ದರೆ ಅದನ್ನು ಏನೆಂದು ಕರೆಯುತ್ತಾರೆಂದು ವ್ಯಾಪಾರಿ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ನಿಮ್ಮ ಅಂಗಡಿಯಲ್ಲಿ ಗುಮಾಸ್ತೆ ಹಾಗೆ ಮಾಡಿದರೆ ಅವತ್ತೇ ಹೊರಗೆ!

ಎರಡನೆಯದಾಗಿ, ಯಂತ್ರಕ್ಕೆ ಹೋಗುವ ಹಣ. ವಿದ್ಯಾಭ್ಯಾಸದ ತಂತ್ರಜ್ಞಾನದ ಬಗ್ಗೆ ಯುನೆಸ್ಕೋ ಸಂಸ್ಥೆ 2023ರಲ್ಲಿ ದೊಡ್ಡ ವರದಿ ಹೊರಡಿಸಿತು. ಇಂಥ ಸರಕುಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ ಎಂದು ಅದರಲ್ಲಿದೆ. ಅಮೆರಿಕದಲ್ಲಿ ಶಾಲೆಗಳು ಕೊಂಡ ತಂತ್ರಾಂಶದ ಪರವಾನಗಿಗಳಲ್ಲಿ ನೂರಕ್ಕೆ 67ನ್ನು ಯಾರೂ ಬಳಸಲೇ ಇಲ್ಲವೆಂದೂ ಇದೆ. ಮೂರು ವರ್ಷಕ್ಕೆ ಮುದಿಯಾಗುವ ಸರಕಿಗೆ ಹಣ ಉಂಟು. ಮೂವತ್ತು ವರ್ಷ ದುಡಿಯುವ ಗ್ರಂಥಪಾಲನಿಗೆ ಇಲ್ಲ. ಅದರ ಮೇಲೆ, ಖರೀದಿಯೆಲ್ಲ ರಾಜಧಾನಿಯಲ್ಲಿ ಒಟ್ಟಿಗೆ ನಡೆದರೆ ನಮ್ಮ ಪೇಟೆಯ ಪುಸ್ತಕದಂಗಡಿಗೆ ಒಂದು ಕಾಸಿನ ವ್ಯಾಪಾರವೂ ಇಲ್ಲ. ಶಾಲೆಯ ಮಕ್ಕಳಿಗೆ ತಮಗೆ ಬೇಕಾದ ಪುಸ್ತಕ ಹೇಳುವ ಹಕ್ಕೂ ಇಲ್ಲ.

ನಮ್ಮ ಬೇಡಿಕೆಗಳು

1. ಪ್ರತಿಯೊಂದು ಸರಕಾರಿ ಹೈಸ್ಕೂಲಿಗೂ ತರಬೇತಾದ ಗ್ರಂಥಪಾಲರ ಕಾಯಂ ಹುದ್ದೆ. ಚಿಕ್ಕ ಶಾಲೆಗಳಿಗೆ ಗುಂಪಿಗೊಬ್ಬರು. ಗುತ್ತಿಗೆ ಕೂಡದು. ಶಿಕ್ಷಣ ಹಕ್ಕು ಕಾನೂನಿನ ಅನುಸೂಚಿಯಲ್ಲಿ ಈ ಹುದ್ದೆಯನ್ನು ಬರೆಯತಕ್ಕದ್ದು.

2. ಓದಿ ಹರಿದ, ಕಳೆದ ಪುಸ್ತಕಕ್ಕೆ ಶಿಕ್ಷಕರಿಂದ ದಂಡ ವಸೂಲು ಮಾಡಕೂಡದು. ತಪಾಸಣೆಗೆ ಬಂದವರು ಎಷ್ಟು ಪುಸ್ತಕ ಹೊರಗೆ ಹೋಯಿತೆಂದು ಮೊದಲು ಕೇಳತಕ್ಕದ್ದು.

3. ಗ್ರಂಥಪಾಲರಿಲ್ಲದ ಶಾಲಾ ಗ್ರಂಥಾಲಯಕ್ಕೆ ಹೊಸ ಯಂತ್ರದ ಗುತ್ತಿಗೆ ಕೊಡಕೂಡದು. ಕೊಡುವಲ್ಲಿ ಮುಕ್ತ ತಂತ್ರಾಂಶ, ಕನ್ನಡ ಲಿಪಿಯ ಪಟ್ಟಿ, ಅಂಧ ಮಕ್ಕಳಿಗೆ ಅನುಕೂಲ, ಮಕ್ಕಳ ಮಾಹಿತಿಗೆ ಕಾವಲು ಕಡ್ಡಾಯ.

4. ಗ್ರಂಥಾಲಯ ಕರದ ವಸೂಲು ಎಷ್ಟು, ಪಾವತಿ ಎಷ್ಟು ಎಂಬುದನ್ನು ಪ್ರತಿ ನಗರಸಭೆ, ಪುರಸಭೆ, ಪಂಚಾಯಿತಿ ವರ್ಷಕ್ಕೊಮ್ಮೆ ಬಾಗಿಲಿಗೆ ಅಂಟಿಸತಕ್ಕದ್ದು.

5. ಶಾಲೆಯ ಗ್ರಂಥಾಲಯ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ತೆರೆದಿರತಕ್ಕದ್ದು. ಗಿರಣಿಯ ಪಾಳಿ ಮುಗಿಸಿ ಬಂದ ತಾಯಿತಂದೆಯರಿಗೂ ಅಲ್ಲಿ ಕೂರಲು ಬೆಂಚು ಇರಲಿ.

ಬೇಡಿಕೆ ಬರೆದು ಕೂತರೆ ಯಾರೂ ಕೊಡುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರುವವರು ನೀವೇ, ಪೋಷಕರು. ಮುಂದಿನ ಸಭೆಗೆ ತಪ್ಪದೆ ಹೋಗಿ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಗ್ರಂಥಾಲಯಕ್ಕೆ ಬಂದ ಹಣ ಎಷ್ಟು? ಮಕ್ಕಳು ಮನೆಗೆ ಒಯ್ದ ಪುಸ್ತಕ ಎಷ್ಟು? ಬೀಗದ ಕೈ ಯಾರ ಬಳಿ ಇದೆ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಉಂಟು. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಗರಸಭೆಗೆ ಗ್ರಂಥಾಲಯ ಕರದ ಲೆಕ್ಕ ಕೇಳಿ ಇನ್ನೊಂದು ಅರ್ಜಿ ಹಾಕಿ. ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿ, ಕೂತು ಬರೆದುಕೊಡುತ್ತೇವೆ. ಬಂದ ಉತ್ತರವನ್ನು ಈ ಪತ್ರಿಕೆಯಲ್ಲೇ ಅಚ್ಚುಹಾಕುತ್ತೇವೆ.

ಮಾಸ್ತರುಗಳನ್ನು ಹೆದರಿಸಲು ಹೋಗಬೇಡಿ. ಅವರೂ ನಮ್ಮಂತೆ ದುಡಿಯುವವರು. ಅವರನ್ನು ಜೊತೆಗೆ ಕರೆದುಕೊಳ್ಳಿ. ಕೇಳಬೇಕಾದವರು ಮೇಲೆ ಕೂತಿದ್ದಾರೆ. ಬೀರುವಿನ ಬಾಗಿಲು ತೆರೆಯುವ ತನಕ, ತೆರೆದ ಬಾಗಿಲ ಬಳಿ ಸಂಬಳದ ಮನುಷ್ಯನೊಬ್ಬ ನಿಲ್ಲುವ ತನಕ, ಕೇಳುತ್ತಲೇ ಇರೋಣ.